ವೈ-ಫೈ, ಮೊಬೈಲ್ ತರಂಗಗಳು ಮತ್ತು ನಮ್ಮ ತಲೆ: ಹೆದರಬೇಕಾದ್ದು ಯಾವುದಕ್ಕೆ, ಮಾಡಬೇಕಾದ್ದು ಏನು?

ಮನೆಗೆ ವೈ-ಫೈ ಬಂದ ಮೇಲೆ ತಲೆನೋವು ಶುರುವಾಯಿತು, ನಿದ್ದೆ ಸರಿಯಾಗಿ ಬರುತ್ತಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಎನ್ನುವವರು ತುಂಬಾ ಜನ ಇದ್ದಾರೆ. ಇಂಥವರಿಗೆ "ಎಲ್ಲಾ ನಿಮ್ಮ ಭ್ರಮೆ" ಎಂದು ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅವರ ತಲೆನೋವು ನಿಜ, ಕೆಟ್ಟ ನಿದ್ದೆಯೂ ನಿಜ. ಹುಡುಕಬೇಕಾದ್ದು ಕಾರಣವನ್ನು. ಕಾರಣ ತಪ್ಪಾಗಿ ಹಿಡಿದರೆ ರೂಟರ್ ಕಿತ್ತು ಹೊರಗಿಟ್ಟರೂ ತಲೆನೋವು ಹೋಗುವುದಿಲ್ಲ, ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತಿರಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯೋಚನೆ, ಗಮನ, ನಿದ್ದೆಗೆ ವೈರ್‌ಲೆಸ್ ಸಾಧನಗಳಿಂದ ಪೆಟ್ಟು ಬೀಳುತ್ತಿದೆ. ಆದರೆ ಈವರೆಗಿನ ಪುರಾವೆ ನೋಡಿದರೆ ಆ ಪೆಟ್ಟು ತರಂಗದಿಂದ ಬರುತ್ತಿಲ್ಲ. ಆ ತರಂಗ ಹೊತ್ತು ತರುವ ಮೆಸೇಜು, ವಿಡಿಯೋ ಮತ್ತು ರಾತ್ರಿಯ ಪರದೆಯಿಂದ ಬರುತ್ತಿದೆ. ಹಾಗಂತ ತರಂಗದ ಬಗ್ಗೆ ಎಚ್ಚರವೇ ಬೇಡ ಎಂದಲ್ಲ. ಸುಲಭವಾಗಿ, ಖರ್ಚಿಲ್ಲದೆ ಕಡಿಮೆ ಮಾಡಬಹುದಾದ್ದನ್ನು ಕಡಿಮೆ ಮಾಡಿಕೊಳ್ಳೋಣ. ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಇದು ಯಾವ ಜಾತಿಯ ವಿಕಿರಣ ಎಂದು ತಿಳಿದುಕೊಳ್ಳಿ

ಎಕ್ಸ್-ರೇ, ಗಾಮಾ ಕಿರಣಗಳು ಒಂದು ಜಾತಿ. ಅವು ಅಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತು ಹಾಕುತ್ತವೆ, ಡಿಎನ್‌ಎ ಎಳೆಯನ್ನು ಮುರಿಯುತ್ತವೆ. ಈ ಕೆಲಸಕ್ಕೆ ಒಂದೊಂದು ಫೋಟಾನ್‌ನಲ್ಲೂ, ಅಂದರೆ ಕಿರಣದ ಒಂದೊಂದು ಕಣದಲ್ಲೂ, ಸುಮಾರು 10 ಎಲೆಕ್ಟ್ರಾನ್ ವೋಲ್ಟ್ (ಇಂಥ ಕಣದ ಶಕ್ತಿ ಅಳೆಯುವ ಮಾನ) ಅಥವಾ ಅದಕ್ಕಿಂತ ಜಾಸ್ತಿ ಶಕ್ತಿ ಇರಬೇಕು. 2.4 ಗಿಗಾಹರ್ಟ್ಸ್ (ಸೆಕೆಂಡಿಗೆ 240 ಕೋಟಿ ಸಲ ಏರಿಳಿಯುವ) ವೈ-ಫೈನ ಒಂದು ಫೋಟಾನ್‌ನಲ್ಲಿ ಇರುವುದು ಸುಮಾರು 0.00001 ಎಲೆಕ್ಟ್ರಾನ್ ವೋಲ್ಟ್. ಅಂದರೆ ಹತ್ತು ಲಕ್ಷ ಪಟ್ಟು ಕಡಿಮೆ. ಕೋಣೆಯ ದೀಪದ ಬೆಳಕಿನ ಫೋಟಾನ್‌ನಲ್ಲೇ 2ರಿಂದ 3 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಗೋಡೆಗೆ ಹತ್ತಿಯ ಉಂಡೆಯನ್ನು ಲಕ್ಷ ಸಲ ಎಸೆದರೂ ಇಟ್ಟಿಗೆ ಕದಲುವುದಿಲ್ಲ ಅಲ್ವಾ, ಹಾಗೆಯೇ ಈ ಫೋಟಾನ್‌ಗಳು ಎಷ್ಟೇ ಬಂದರೂ ಡಿಎನ್‌ಎ ಬಂಧವನ್ನು ನೇರವಾಗಿ ಮುರಿಯಲಾರವು.

ಹಾಗಾದರೆ ಅವು ಏನು ಮಾಡುತ್ತವೆ? ಬಿಸಿ ಮಾಡುತ್ತವೆ. ಖಚಿತವಾಗಿ ಗೊತ್ತಿರುವ ಪರಿಣಾಮ ಅದೊಂದೇ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ. ಇದನ್ನು ಕೇಳಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಆದರೆ ಒಲೆ ಸುಮಾರು 800 ವ್ಯಾಟ್ ಶಕ್ತಿಯನ್ನು ಒಂದು ಲೋಹದ ಪೆಟ್ಟಿಗೆಯೊಳಗೆ ತುಂಬುತ್ತದೆ. ಸಾಮಾನ್ಯ ವೈ-ಫೈ ರೂಟರ್ ಹೊರಬಿಡುವುದು ಸುಮಾರು 0.1 ವ್ಯಾಟ್, ಅದೂ ಎಲ್ಲಾ ದಿಕ್ಕಿಗೂ ಹರಡಿ.

ಸುರಕ್ಷತಾ ಮಿತಿಗಳೂ ಬಿಸಿಯ ಲೆಕ್ಕದಲ್ಲೇ ಇವೆ. ಇಡೀ ದೇಹ ಕೆಜಿಗೆ 4 ವ್ಯಾಟ್ ಹೀರಿಕೊಂಡರೆ ಮೈ ಬಿಸಿ ಸುಮಾರು 1 ಡಿಗ್ರಿ ಏರುತ್ತದೆ. ಜನಸಾಮಾನ್ಯರಿಗೆ ಇಟ್ಟಿರುವ ಅಂತರರಾಷ್ಟ್ರೀಯ ಮಿತಿ ಅದರ ಐವತ್ತನೇ ಒಂದು ಭಾಗ, ಕೆಜಿಗೆ 0.08 ವ್ಯಾಟ್. ತಲೆಯ ಮಟ್ಟಿಗೆ ಬೇರೆ ಮಿತಿ ಇದೆ: 10 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕೆಜಿಗೆ 2 ವ್ಯಾಟ್. ಅಮೆರಿಕದ ಮಿತಿ 1 ಗ್ರಾಂ ಲೆಕ್ಕದಲ್ಲಿ ಕೆಜಿಗೆ 1.6 ವ್ಯಾಟ್. ಫೋನಿನ ಡಬ್ಬಿಯ ಮೇಲೆ ಎಸ್‌ಎಆರ್ ಎಂದು ಬರೆದಿರುವುದು, ಮೈ ಹೀಗೆ ಕೆಜಿಗೆ ಎಷ್ಟು ವ್ಯಾಟ್ ಹೀರಿಕೊಳ್ಳುತ್ತದೆ ಎಂಬುದನ್ನೇ.

5ಜಿ ಬಗ್ಗೆ ಒಂದು ಮಾತು. ಅದರ ಬಹುಪಾಲು ತರಂಗಗಳು ಹಳೆಯ ಮೊಬೈಲ್ ಮತ್ತು ವೈ-ಫೈ ತರಂಗಗಳ ಆಸುಪಾಸಿನವೇ. 26 ಗಿಗಾಹರ್ಟ್ಸ್‌ನಂಥ ಹೆಚ್ಚು ಆವೃತ್ತಿಯ ತರಂಗಗಳು ಚರ್ಮದೊಳಗೆ ಹೋಗುವುದು ಸುಮಾರು 1 ಮಿಲಿಮೀಟರ್ ಅಷ್ಟೇ. ಮಿದುಳಿನವರೆಗೆ ತಲುಪುವುದೇ ಇಲ್ಲ.

ಹೆಜ್ಜೆ 2: ನಿಮ್ಮ ಮೈಗೆ ಎಲ್ಲಿಂದ ಎಷ್ಟು ಬೀಳುತ್ತಿದೆ ಎಂದು ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನವರ ಹೆದರಿಕೆ ತಪ್ಪು ಕಡೆ ತಿರುಗುವುದು ಇಲ್ಲೇ.

ರೂಟರ್‌ನ 0.1 ವ್ಯಾಟ್ ಸುತ್ತಲೂ ಗೋಳದ ಹಾಗೆ ಹರಡುತ್ತದೆ ಎಂದುಕೊಳ್ಳಿ. 1 ಮೀಟರ್ ದೂರದಲ್ಲಿ ಆ ಗೋಳದ ಮೇಲ್ಮೈ ಸುಮಾರು 12.6 ಚದರ ಮೀಟರ್. 0.1 ಅನ್ನು 12.6ರಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 0.008 ವ್ಯಾಟ್. ಈ ತರಂಗಕ್ಕೆ ಜನಸಾಮಾನ್ಯರ ಮಿತಿ ಚದರ ಮೀಟರಿಗೆ 10 ವ್ಯಾಟ್. ಅಂದರೆ ಒಂದೇ ಮೀಟರ್ ದೂರದಲ್ಲೂ ಮಿತಿಯ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. 3 ಮೀಟರ್ ದೂರದಲ್ಲಿ ಮಿತಿಯ ಹತ್ತು ಸಾವಿರದ ಒಂದು ಭಾಗವೂ ಇರುವುದಿಲ್ಲ. ಇದೂ ರೂಟರ್ ಒಂದು ಕ್ಷಣವೂ ಬಿಡದೆ ತರಂಗ ಬಿಡುತ್ತಿದೆ ಎಂದುಕೊಂಡು ಮಾಡಿದ ಲೆಕ್ಕ. ಯಾರೂ ಬಳಸದೆ ಇದ್ದಾಗ ಅದು ಸೆಕೆಂಡಿಗೆ ಸುಮಾರು 10 ಸಲ ತಾನಿದ್ದೇನೆ ಎಂಬ ಚಿಕ್ಕ ಸಂಕೇತ ಕಳಿಸಿ ಸುಮ್ಮನಾಗುತ್ತದೆ.

ಈಗ ಕಿವಿಗೆ ಒತ್ತಿಕೊಂಡ ಫೋನ್ ನೋಡಿ. ಅದರ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಹಳೆಯ 2ಜಿ ಫೋನುಗಳಲ್ಲಿ ಕ್ಷಣಮಾತ್ರದ ಗರಿಷ್ಠ 2 ವ್ಯಾಟ್‌ವರೆಗೂ ಹೋಗುತ್ತಿತ್ತು. ತಲೆಗೂ ಆಂಟೆನಾಗೂ ನಡುವೆ ಕೆಲವೇ ಮಿಲಿಮೀಟರ್. ಹಾಗಾಗಿ ಹೆಚ್ಚಿನವರ ತಲೆಗೆ ಬೀಳುವ ತರಂಗದಲ್ಲಿ ದೊಡ್ಡ ಪಾಲು ಅವರದೇ ಫೋನಿನದು. ಗೋಡೆಯ ಮೇಲಿನ ರೂಟರ್ ಆಗಲಿ, ದೂರದ ಟವರ್ ಆಗಲಿ ಅಲ್ಲ.

ಟವರ್ ವಿಷಯದಲ್ಲಿ ಇನ್ನೊಂದು ತಿರುವು ಇದೆ. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸುತ್ತದೆ. ಸಿಗ್ನಲ್ ಕ್ಷೀಣವಾದರೆ ಪೂರ್ತಿ ಶಕ್ತಿಗೆ ಏರುತ್ತದೆ. ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ ಬರಬಹುದು. ಹತ್ತಿರದಲ್ಲಿ ಟವರ್ ಬೇಡ ಎಂದು ಓಡಿಸಿದ ಮೇಲೆ, ಆ ಜಾಗದ ಜನರ ಫೋನುಗಳೇ ಅವರ ಕಿವಿಯ ಹತ್ತಿರ ಜಾಸ್ತಿ ಶಕ್ತಿ ಬಿಡಬೇಕಾಗುತ್ತದೆ.

ಹೆಜ್ಜೆ 3: ಅಧ್ಯಯನಗಳು ಏನು ಹೇಳಿವೆ ಎಂದು ನೇರವಾಗಿ ನೋಡಿ

ಮೊದಲು ಕ್ಯಾನ್ಸರ್. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. "ಕ್ಯಾನ್ಸರ್ ತರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಪುರಾವೆ ಸೀಮಿತ" ಎಂಬುದು ಇದರ ಅರ್ಥ. ಲೋಳೆಸರದ ಪೂರ್ತಿ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. ಆ ತೀರ್ಮಾನಕ್ಕೆ ಒಂದು ಮುಖ್ಯ ಆಧಾರ 13 ದೇಶಗಳಲ್ಲಿ ನಡೆದು 2010ರಲ್ಲಿ ಹೊರಬಂದ ಇಂಟರ್‌ಫೋನ್ ಅಧ್ಯಯನ. ಒಟ್ಟಾರೆ ಅಪಾಯ ಅದರಲ್ಲಿ ಕಾಣಲಿಲ್ಲ. ಆದರೆ ಅತಿ ಹೆಚ್ಚು ಮಾತಾಡಿದ ಹತ್ತನೇ ಒಂದು ಪಾಲು ಜನರಲ್ಲಿ, ಒಟ್ಟು 1,640 ಗಂಟೆ ಮೀರಿದವರಲ್ಲಿ, ಒಂದು ಬಗೆಯ ಮಿದುಳು ಗಡ್ಡೆ ಸ್ವಲ್ಪ ಜಾಸ್ತಿ ಕಂಡಿತು. ಗಡ್ಡೆ ಬಂದವರನ್ನು ಕೂರಿಸಿ "ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಿದ್ದಿರಿ" ಎಂದು ಕೇಳಿದ ಅಧ್ಯಯನ ಅದು. ನೆನಪಿನ ತಪ್ಪು ನುಸುಳುವುದಕ್ಕೆ ಅಲ್ಲಿ ತುಂಬಾ ಜಾಗ ಇದೆ.

ನೆನಪನ್ನು ನಂಬದೆ, ಮೊದಲೇ ಜನರನ್ನು ನೋಂದಾಯಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಆಮೇಲೆ ಬಂದವು. ಬ್ರಿಟನ್ನಿನಲ್ಲಿ ಸುಮಾರು 7.7 ಲಕ್ಷ ಮಹಿಳೆಯರನ್ನು ಹಿಂಬಾಲಿಸಿದ ಅಧ್ಯಯನದ 2022ರ ವರದಿಯಲ್ಲಿ, ದಿನಾ ಫೋನ್ ಬಳಸಿದವರಲ್ಲೂ ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಮಿದುಳು ಗಡ್ಡೆ ಜಾಸ್ತಿಯಾಗಿರಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಮಾಡಿಸಿದ ಪರಿಶೀಲನೆ 63 ಅಧ್ಯಯನಗಳನ್ನು ಜಾಲಾಡಿ ಅದೇ ಮಾತಿಗೆ ಬಂತು.

ಇಲಿಗಳ ಮೇಲಿನ ಅಮೆರಿಕದ ಪ್ರಯೋಗದ ಸುದ್ದಿಯನ್ನು ನೀವು ಓದಿರಬಹುದು. 2018ರಲ್ಲಿ ಅದರ ಅಂತಿಮ ವರದಿ ಬಂತು. ದಿನಕ್ಕೆ 9 ಗಂಟೆಯಂತೆ ಎರಡು ವರ್ಷ ಇಡೀ ಮೈಗೆ ತರಂಗ ಬಿಟ್ಟಾಗ, ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ಗಡ್ಡೆ ಜಾಸ್ತಿ ಕಂಡಿತು. ಇದನ್ನು ಮುಚ್ಚಿಡುವುದು ತಪ್ಪು. ಅದರ ಜೊತೆಗೆ ಇದನ್ನೂ ಹೇಳಬೇಕು: ಹೆಣ್ಣು ಇಲಿಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ತರಂಗಕ್ಕೆ ಒಡ್ಡಿದ ಗಂಡು ಇಲಿಗಳು ಒಡ್ಡದವುಗಳಿಗಿಂತ ಜಾಸ್ತಿ ದಿನ ಬದುಕಿದವು. ಅವುಗಳಿಗೆ ಸಿಕ್ಕ ಪ್ರಮಾಣ ನಮಗೆ ಸಿಗುವುದಕ್ಕಿಂತ ಎಷ್ಟೋ ದೊಡ್ಡದು.

ಇನ್ನು ಯೋಚನಾಶಕ್ತಿ. ಮಿದುಳಿಗೆ ಈ ತರಂಗ ಗೊತ್ತೇ ಆಗುವುದಿಲ್ಲ ಎಂದು ಹೇಳಲು ಬರುವುದಿಲ್ಲ. 2011ರಲ್ಲಿ 47 ಜನರ ಕಿವಿಗೆ 50 ನಿಮಿಷ ಫೋನ್ ಕಟ್ಟಿ, ಧ್ವನಿ ನಿಲ್ಲಿಸಿ, ಮಿದುಳಿನ ಸ್ಕ್ಯಾನ್ ಮಾಡಿದರು. ಆಂಟೆನಾ ಹತ್ತಿರದ ಭಾಗದಲ್ಲಿ ಗ್ಲೂಕೋಸ್ ಬಳಕೆ ಸುಮಾರು 7 ಶೇಕಡಾ ಏರಿತ್ತು. ನಿದ್ದೆಯ ಪ್ರಯೋಗಾಲಯಗಳಲ್ಲೂ ಮಿದುಳಿನ ಅಲೆಗಳಲ್ಲಿ ಚಿಕ್ಕ ಬದಲಾವಣೆಗಳು ಕಂಡಿವೆ. ಆದರೆ ಅಲೆ ಬದಲಾದ ಮಾತ್ರಕ್ಕೆ ನಿದ್ದೆ ಕೆಟ್ಟಿದೆ, ನೆನಪು ಹಾಳಾಗಿದೆ ಎಂದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಅಳೆಯಬೇಕು, ಅಳೆದಿದ್ದಾರೆ ಕೂಡ. 2000ದ ಸುಮಾರಿಗೆ ನಡೆದ ಕೆಲವು ಚಿಕ್ಕ ಪ್ರಯೋಗಗಳಲ್ಲಿ ಫೋನ್ ಆನ್ ಇದ್ದಾಗ ಜನ ತುಸು ವೇಗವಾಗಿ ಪ್ರತಿಕ್ರಿಯಿಸಿದ್ದರು. ಹೌದು, ವೇಗವಾಗಿ! ಯಾರಿಗೂ ಗೊತ್ತಾಗದ ಹಾಗೆ ಫೋನ್ ಆನ್-ಆಫ್ ಮಾಡಿ, ಜಾಸ್ತಿ ಜನರ ಮೇಲೆ ಮತ್ತೆ ಮಾಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಗಮನ, ನೆನಪು, ಪ್ರತಿಕ್ರಿಯೆಯ ವೇಗ ಇವುಗಳ ಮೇಲೆ ತರಂಗದ ತಕ್ಷಣದ ಪರಿಣಾಮ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬ ಕಡೆಗೇ ಒಟ್ಟು ಪುರಾವೆ ವಾಲಿದೆ.

ಹೆಜ್ಜೆ 4: ತರಂಗವನ್ನು ಸುಲಭವಾಗಿ ಕಡಿಮೆ ಮಾಡಿಕೊಳ್ಳಿ

ಅಪಾಯ ಸಾಬೀತಾಗಿಲ್ಲ ನಿಜ. ಆದರೂ ಕಿವಿಯಿಂದ ಫೋನ್ ದೂರ ಇಡಲು ಏನು ಕಷ್ಟ? ಉದ್ದದ ಮಾತಿಗೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ. ಫೋನ್ ಅರ್ಧ ಮೀಟರ್ ಆಚೆ ಹೋದರೆ ತಲೆಗೆ ಬೀಳುವ ತರಂಗದ ಬಹುಪಾಲು ಅಲ್ಲೇ ಮುಗಿಯಿತು. ಬ್ಲೂಟೂತ್ ಇಯರ್‌ಫೋನ್ ಆದರೂ ಪರವಾಗಿಲ್ಲ. ಅವುಗಳಲ್ಲಿ ತುಂಬಾ ಸಾಧನಗಳ ಶಕ್ತಿ ಕೆಲವೇ ಮಿಲಿವ್ಯಾಟ್, ಫೋನಿನ ಗರಿಷ್ಠಕ್ಕಿಂತ ಎಷ್ಟೋ ಪಟ್ಟು ಕಡಿಮೆ.

ಸಿಗ್ನಲ್ ಒಂದೇ ಕಡ್ಡಿ ತೋರಿಸುತ್ತಿದ್ದಾಗ, ಲಿಫ್ಟ್‌ನಲ್ಲಿ, ನೆಲಮಾಳಿಗೆಯಲ್ಲಿ ಉದ್ದ ಮಾತು ಬೇಡ. ಕಿಟಕಿಯ ಹತ್ತಿರ ಬನ್ನಿ, ಇಲ್ಲವೇ ಮೆಸೇಜು ಕಳಿಸಿ. ಒಳಗಡೆ ಸಿಗ್ನಲ್ ಕೆಟ್ಟದಾಗಿದ್ದರೆ ವೈ-ಫೈ ಮೂಲಕ ಕರೆ ಮಾಡುವ ಆಯ್ಕೆ ಆನ್ ಮಾಡಿ. ವೈ-ಫೈಗೆ ಹೆದರಿ ಅದನ್ನು ಆಫ್ ಮಾಡಿ, ಕ್ಷೀಣ ಸಿಗ್ನಲ್‌ನಲ್ಲಿ ಮೊಬೈಲ್ ಡೇಟಾ ಬಳಸುವುದರಿಂದ ಮೈಗೆ ಬೀಳುವ ತರಂಗ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ.

ರೂಟರ್ ಎಲ್ಲಿಡಬೇಕು? ಕೂರುವ, ಮಲಗುವ ಜಾಗದಿಂದ ಒಂದೆರಡು ಮೀಟರ್ ದೂರ, ಎತ್ತರದಲ್ಲಿ, ತೆರೆದ ಕಡೆ ಇಡಿ. ಇಷ್ಟು ಸಾಕು. ಗಾಳಿಯೂ ಆಡುತ್ತದೆ, ಸಿಗ್ನಲ್ಲೂ ಚೆನ್ನಾಗಿ ಬರುತ್ತದೆ.

ಎಸ್‌ಎಆರ್ ಸಂಖ್ಯೆ ನೋಡಬೇಕಿದ್ದರೆ ಹಲವು ಫೋನುಗಳಲ್ಲಿ *#07# ಒತ್ತಿದರೆ ಸಿಗುತ್ತದೆ. ಆದರೆ ಆ ಸಂಖ್ಯೆ ಅಳೆದಿರುವುದು ಫೋನ್ ಪೂರ್ತಿ ಶಕ್ತಿಯಲ್ಲಿ ಇದ್ದಾಗ. 0.9ರ ಫೋನಿಗಿಂತ 0.6ರದ್ದು ದಿನಬಳಕೆಯಲ್ಲಿ ಕಡಿಮೆ ತರಂಗ ಬಿಡುತ್ತದೆ ಎಂದೇನೂ ಇಲ್ಲ. ನೀವು ಹೇಗೆ, ಎಲ್ಲಿ ಬಳಸುತ್ತೀರಿ ಎಂಬುದೇ ದೊಡ್ಡದು.

ಗಂಡಸರು ಪ್ಯಾಂಟಿನ ಜೇಬಿನ ಬಗ್ಗೆ ಕೇಳುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 2,886 ಯುವಕರನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಬಂತು. ದಿನಕ್ಕೆ 20 ಸಲಕ್ಕಿಂತ ಹೆಚ್ಚು ಫೋನ್ ಬಳಸುವವರಲ್ಲಿ ವೀರ್ಯಾಣು ಸಾಂದ್ರತೆ ಕಡಿಮೆ ಇತ್ತು. ಆದರೆ ಫೋನನ್ನು ಜೇಬಿನಲ್ಲಿ ಇಡುವುದಕ್ಕೂ ಇದಕ್ಕೂ ನಂಟು ಕಾಣಲಿಲ್ಲ. ಕಾರಣ ತರಂಗವೇ ಎಂದು ಇದರಿಂದ ಹೇಳಲಾಗದು. ಮಗುವಿಗಾಗಿ ಕಾಯುತ್ತಿರುವವರು ಫೋನನ್ನು ಬ್ಯಾಗಿನಲ್ಲಿ ಇಟ್ಟುಕೊಂಡರೆ ನಷ್ಟವೇನೂ ಇಲ್ಲ.

ಹೆಜ್ಜೆ 5: ತಲೆಯನ್ನು ನಿಜವಾಗಿ ಕೆಡಿಸುತ್ತಿರುವುದನ್ನು ಹಿಡಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

2015ರ ಒಂದು ಪ್ರಯೋಗದಲ್ಲಿ, ಗಮನ ಬೇಡುವ ಕೆಲಸ ಮಾಡುತ್ತಿದ್ದವರಿಗೆ ಫೋನ್ ಕರೆ ಅಥವಾ ಮೆಸೇಜಿನ ಸದ್ದು ಕೇಳಿಸಿದರು. ಅವರು ಫೋನ್ ಮುಟ್ಟಲಿಲ್ಲ, ನೋಡಲೂ ಇಲ್ಲ. ಆದರೂ ತಪ್ಪುಗಳು ಜಾಸ್ತಿಯಾದವು. ಫೋನ್ ಸುಮ್ನೆ ಮೇಜಿನ ಮೇಲೆ ಇದ್ದರೂ ಯೋಚನಾಶಕ್ತಿ ತಗ್ಗುತ್ತದೆ ಎಂದು 2017ರ ಇನ್ನೊಂದು ಅಧ್ಯಯನ ಹೇಳಿತು. ಅದನ್ನು ಬೇರೆಯವರು ಮತ್ತೆ ಮಾಡಿದಾಗ ಕೆಲವರಿಗೆ ಸಿಕ್ಕಿದೆ, ಕೆಲವರಿಗೆ ಸಿಕ್ಕಿಲ್ಲ. ಮಲಗುವ ಮುನ್ನ ಬೆಳಗುವ ಪರದೆಯಲ್ಲಿ ಓದಿದವರಿಗೂ ಕಾಗದದ ಪುಸ್ತಕ ಓದಿದವರಿಗೂ ಹೋಲಿಕೆ ಮಾಡಿದ ಪ್ರಯೋಗವೂ ಇದೆ. 12 ಜನರ ಚಿಕ್ಕ ಪ್ರಯೋಗ, ಆದರೆ ತುಂಬಾ ಹತ್ತಿರದಿಂದ ಅಳೆದದ್ದು. ಪರದೆ ಓದಿದ ರಾತ್ರಿಗಳಲ್ಲಿ ನಿದ್ದೆ ಬರಲು ಸುಮಾರು 10 ನಿಮಿಷ ಜಾಸ್ತಿ ಹಿಡಿಯಿತು, ನಿದ್ದೆ ತರುವ ಮೆಲಟೋನಿನ್ ತಗ್ಗಿತು, ಮರುದಿನ ಬೆಳಿಗ್ಗೆ ತಲೆ ಮಂಕಾಗಿತ್ತು. ಗಾಡಿ ಓಡಿಸುತ್ತಾ ಫೋನ್ ಬಳಸುವವರಿಗೆ ಅಪಘಾತದ ಸಾಧ್ಯತೆ ಸುಮಾರು 4 ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಯರ್‌ಫೋನ್ ಹಾಕಿಕೊಂಡು ಮಾತಾಡಿದರೂ ಅದು ಹೆಚ್ಚೇನೂ ತಗ್ಗುವುದಿಲ್ಲ, ಯಾಕೆಂದರೆ ಕೈ ಬಿಡುವಾಗಿದ್ದರೂ ಮನಸ್ಸು ಮಾತಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಇವತ್ತೇ ಮಾಡಿ: ಫೋನಿನ ಸೆಟ್ಟಿಂಗ್ ತೆರೆದು, ಮನುಷ್ಯರು ನೇರವಾಗಿ ನಿಮಗೆ ಕಳಿಸುವ ಕರೆ, ಮೆಸೇಜು ಬಿಟ್ಟು ಉಳಿದ ಎಲ್ಲಾ ಆ್ಯಪ್‌ಗಳ ಸೂಚನೆ ಆಫ್ ಮಾಡಿ. ಓದುವಾಗ, ಬರೆಯುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಮಲಗುವ ಒಂದು ಗಂಟೆ ಮೊದಲು ಅದನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಏಳಲು ಬೇರೆ ಅಲಾರಂ ಗಡಿಯಾರ ಇಟ್ಟುಕೊಳ್ಳಿ. ರಾತ್ರಿ ರೂಟರ್ ಆಫ್ ಮಾಡಿದ ಮೇಲೆ ಚೆನ್ನಾಗಿ ನಿದ್ದೆ ಬಂತು ಎನ್ನುವವರನ್ನು ನಾನು ನಂಬುತ್ತೇನೆ. ರೂಟರ್ ಆಫ್ ಆದಾಗ ವಿಡಿಯೋ ಕೂಡ ನಿಲ್ಲುತ್ತದಲ್ಲ!

ಮಕ್ಕಳಿಗೂ ಇದೇ. ಅವರ ತಲೆಬುರುಡೆ ತೆಳು, ಮುಂದೆ ಬಳಸುವ ವರ್ಷಗಳೂ ಜಾಸ್ತಿ. ಹಾಗಾಗಿ ಫೋನನ್ನು ಕಿವಿಗೆ ಒತ್ತಿಕೊಡದೆ ಸ್ಪೀಕರ್‌ನಲ್ಲಿ ಮಾತಾಡಿಸಿ. ಆದರೆ ಅವರ ಕೈಯಿಂದ ಕಿತ್ತುಹೋಗುತ್ತಿರುವ ನಿದ್ದೆ, ಆಟ, ಎದುರುಬದುರು ಮಾತು ತರಂಗಕ್ಕಿಂತ ದೊಡ್ಡ ಚಿಂತೆ ಆಗಬೇಕು.

ಹೆಜ್ಜೆ 6: ನಿಮಗೆ ವೈ-ಫೈ ಆಗುವುದಿಲ್ಲ ಎನಿಸಿದರೆ ಪರೀಕ್ಷೆ ಮಾಡಿ ನೋಡಿ

ತರಂಗದಿಂದಲೇ ತಮಗೆ ಹೀಗಾಗುತ್ತದೆ ಎನ್ನುವವರನ್ನು ಕರೆದು ಗುಟ್ಟಾಗಿ ಆನ್-ಆಫ್ ಮಾಡಿದ 46 ಪ್ರಯೋಗಗಳನ್ನು 2010ರ ಒಂದು ಪರಿಶೀಲನೆ ಒಟ್ಟುಗೂಡಿಸಿತು. 1,175 ಜನ ಅವುಗಳಲ್ಲಿ ಇದ್ದರು. ತರಂಗ ಇದೆಯೋ ಇಲ್ಲವೋ ಎಂದು ಗುರುತಿಸಬಲ್ಲರು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ತರಂಗ ಇದೆ ಎಂದು ಅಂದುಕೊಂಡಾಗಲೆಲ್ಲ ಅವರಿಗೆ ನಿಜವಾಗಿ ನೋವಾಗುತ್ತಿತ್ತು. 2013ರಲ್ಲಿ 147 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ವೈ-ಫೈ ಅಪಾಯದ ಬಗ್ಗೆ ಟಿವಿ ಕಾರ್ಯಕ್ರಮ ತೋರಿಸಿದರು, ಉಳಿದವರಿಗೆ ಬೇರೆ ಕಾರ್ಯಕ್ರಮ. ಆಮೇಲೆ 15 ನಿಮಿಷ ಹೊಸ ವೈ-ಫೈಗೆ ಒಡ್ಡುತ್ತೇವೆ ಎಂದು ಹೇಳಿದರು. ವೈ-ಫೈ ಇರಲೇ ಇಲ್ಲ. ಆದರೂ 54 ಶೇಕಡಾ ಜನ ಏನೋ ಆಯಿತು ಎಂದರು. ಇಬ್ಬರು ತಡೆಯಲಾರದೆ ನಡುವೆಯೇ ಎದ್ದರು. ಹೆದರಿಕೆಯೇ ಮೈಯಲ್ಲಿ ನೋವಾಗಿ ಇಳಿಯಬಲ್ಲದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ರೂಟರ್ ಬೇರೆ ಕೋಣೆಯಲ್ಲಿ ಇರಲಿ, ಅದರ ದೀಪ ನಿಮಗೆ ಕಾಣಬಾರದು. ನಿಮ್ಮ ಫೋನ್, ಕಂಪ್ಯೂಟರ್ ಪೂರ್ತಿ ಆಫ್. ಮೊದಲು ವೈ-ಫೈ ಆನ್ ಇದೆ ಎಂದು ಗೊತ್ತಿದ್ದೇ ಅರ್ಧ ಗಂಟೆ ಕೂರಿ. ಯಾವಾಗಿನ ತೊಂದರೆ ಆಗಲೂ ಬರದಿದ್ದರೆ ಅರ್ಧ ಗಂಟೆ ಸಾಲದು, ಹೊತ್ತು ಹೆಚ್ಚಿಸಿ. ಬಂದರೆ ಮುಂದುವರಿಯಿರಿ. ಈಗ ಇನ್ನೊಬ್ಬರು ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಆನ್, ಟೇಲ್ ಬಿದ್ದರೆ ಆಫ್ ಮಾಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಅವರು ನಿಮ್ಮ ಮುಂದೆ ಬರಬಾರದು, ಮಾತಾಡಬಾರದು. ಮುಖ ನೋಡಿದರೂ ಸುಳಿವು ಸಿಕ್ಕಿಬಿಡುತ್ತದೆ. ಅರ್ಧ ಗಂಟೆಯ ಕೊನೆಗೆ ನೀವು ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು, ಆನ್ ಇತ್ತೋ ಆಫ್ ಇತ್ತೋ ಎಂದು ಬರೆಯಿರಿ. ಹೀಗೆ ಬೇರೆ ಬೇರೆ ದಿನಗಳಲ್ಲಿ 20 ಸುತ್ತು. ಎಲ್ಲಾ ಮುಗಿಯುವವರೆಗೆ ಚೀಟಿ ತೆರೆಯಬೇಡಿ.

ಸುಮ್ನೆ ಊಹಿಸಿದರೂ 20ರಲ್ಲಿ ಸುಮಾರು 10 ಸರಿಯಾಗುತ್ತವೆ. 12, 13 ಬಂದರೂ ಅದೃಷ್ಟ ಇರಬಹುದು. ಬರೀ ಊಹೆಯಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ಸುಮಾರು 2 ಮಾತ್ರ. ಅಷ್ಟು ಬಂದರೆ ಇನ್ನೊಮ್ಮೆ 20 ಸುತ್ತು ಮಾಡಿ, ಆಗಲೂ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ. ಹತ್ತರ ಆಸುಪಾಸಿನಲ್ಲೇ ನಿಂತರೆ ಬೇಸರ ಬೇಡ. ರೂಟರ್ ಜೊತೆಗಿನ ಜಗಳ ಮುಗಿಯಿತು, ನಿಜವಾದ ಕಾರಣ ಹುಡುಕಲು ದಾರಿ ತೆರೆಯಿತು.

ಈ ಪರೀಕ್ಷೆ ಮುಗಿಯಲಿ ಎಂದು ವೈದ್ಯರನ್ನು ಕಾಣುವುದನ್ನು ಮಾತ್ರ ಮುಂದೂಡಬೇಡಿ. ಕಣ್ಣಿನ ಪವರ್, ಕುತ್ತಿಗೆಯ ಬಿಗಿತ, ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಆತಂಕ, ಖಿನ್ನತೆ ಇವೆಲ್ಲ ತಲೆನೋವು, ಮಂಕು, ಸುಸ್ತನ್ನು ತರುತ್ತವೆ. ಇವುಗಳಿಗೆಲ್ಲ ಚಿಕಿತ್ಸೆ ಇದೆ. ದಿಢೀರನೆ ಬಂದ ಅತಿ ತೀವ್ರ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ 7: ಪೇಸ್‌ಮೇಕರ್ ಇದ್ದವರು ಇದನ್ನು ತಪ್ಪದೆ ಪಾಲಿಸಿ

ಇಲ್ಲಿ ಅಪಾಯ ಊಹೆಯದ್ದಲ್ಲ. ಪೇಸ್‌ಮೇಕರ್ ಅಥವಾ ಹೃದಯಕ್ಕೆ ಷಾಕ್ ಕೊಡುವ ಸಾಧನವನ್ನು ಎದೆಯಲ್ಲಿ ಕೂರಿಸಿದ್ದರೆ, ಫೋನು ಮತ್ತು ಸ್ಮಾರ್ಟ್ ವಾಚನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ. ಎದೆಯ ಜೇಬಿನಲ್ಲಿ ಫೋನ್ ಬೇಡವೇ ಬೇಡ. ಸಾಧನ ಇಲ್ಲದ ಕಡೆಯ ಕಿವಿಯಲ್ಲಿ ಮಾತಾಡಿ. ಈಗಿನ ಕೆಲವು ಫೋನುಗಳ ಹಿಂದೆ, ಇಯರ್‌ಫೋನ್ ಡಬ್ಬಿಗಳಲ್ಲಿ ಗಟ್ಟಿ ಆಯಸ್ಕಾಂತ ಇರುತ್ತದೆ. ತೊಂದರೆ ಕೊಡಬಲ್ಲದ್ದು ಮುಖ್ಯವಾಗಿ ಅದೇ, ಹೃದಯದ ಸಾಧನದ ಕೆಲಸವನ್ನೇ ಅದು ಬದಲಿಸಬಹುದು.

ಹೆಜ್ಜೆ 8: ವಿಕಿರಣ ತಡೆಯುವ ಸ್ಟಿಕ್ಕರ್, ಸರ ಕೊಳ್ಳಬೇಡಿ

ಫೋನಿಗೆ ಅಂಟಿಸುವ ಸ್ಟಿಕ್ಕರ್ ತರಂಗವನ್ನು ತಡೆಯದಿದ್ದರೆ ಹಣ ದಂಡ. ನಿಜವಾಗಿ ತಡೆದರೆ ಇನ್ನೂ ಕೆಟ್ಟದ್ದು, ಸಿಗ್ನಲ್ ಸಿಗದೆ ಫೋನ್ ತನ್ನ ಶಕ್ತಿಯನ್ನು ಏರಿಸುತ್ತದೆ. ರೂಟರ್‌ಗೆ ಲೋಹದ ಪಂಜರ ಹಾಕಿದರೂ ಕತೆ ಇದೇ.

5ಜಿಯಿಂದ ಕಾಪಾಡುತ್ತವೆ ಎಂದು ಮಾರುವ ಸರ, ಬಳೆ, ಕಣ್ಣಿನ ಪಟ್ಟಿಗಳ ವಿಷಯ ಇನ್ನೂ ಕಳವಳದ್ದು. 2021ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ವಸ್ತುಗಳನ್ನು ಪರೀಕ್ಷಿಸಿ ಎಚ್ಚರಿಕೆ ಕೊಟ್ಟಿತು. ಅವು ತಾವೇ ವಿಕಿರಣಶೀಲವಾಗಿದ್ದವು! ಮೊದಲ ಹೆಜ್ಜೆಯಲ್ಲಿ ಹೇಳಿದ, ಡಿಎನ್‌ಎ ಮುರಿಯಬಲ್ಲ ಜಾತಿಯ ವಿಕಿರಣ ಅದು. ವರ್ಷಗಟ್ಟಲೆ ಮೈಗೆ ತಾಗಿಸಿಕೊಂಡರೆ ಚರ್ಮಕ್ಕೆ ಹಾನಿಯಾಗಬಹುದು. ಯಾರೋ ಪ್ರೀತಿಯಿಂದ ಕೊಟ್ಟ ಇಂಥ ಸರ ಮನೆಯಲ್ಲಿದ್ದರೆ ಮಕ್ಕಳ ಕೊರಳಿಗೆ ಹಾಕಬೇಡಿ, ನೀವೂ ಧರಿಸಬೇಡಿ. ಕಸದ ಬುಟ್ಟಿಗೂ ಎಸೆಯಬೇಡಿ. ಮುಚ್ಚಳ ಗಟ್ಟಿಯಾಗಿರುವ ಡಬ್ಬಿಯಲ್ಲಿ ಹಾಕಿ, ಯಾರೂ ಕೂರದ ಜಾಗದಲ್ಲಿ ಇಟ್ಟು, ನಿಮ್ಮ ದೇಶದ ವಿಕಿರಣ ಸುರಕ್ಷತಾ ಇಲಾಖೆಗೆ ತಿಳಿಸಿ, ಅವರು ಹೇಳಿದ ಕಡೆ ಒಪ್ಪಿಸಿ.